ಐದು ಡಾಲರು, ಒಂದು ಕಿಂಡಿ: ಪಿಟ್ಸ್‌ಬರ್ಗಿನ ಕನ್ನಡ ಬಂಧುಗಳಿಗೆ ಬಹಿರಂಗ ಪತ್ರ

ಆಲೆಗೇನಿ ಕೌಂಟಿಯಲ್ಲಿ ಕಾರು ಇಟ್ಟುಕೊಂಡಿರುವ ಕನ್ನಡ ಬಂಧುಗಳೇ,

ಕಾರಿನ ನೋಂದಣಿ ನವೀಕರಿಸುವಾಗ ನಾವೆಲ್ಲ ರಾಜ್ಯದ ಶುಲ್ಕದ ಜೊತೆಗೆ ಇನ್ನೊಂದು ಸಣ್ಣ ಮೊತ್ತ ಕಟ್ಟುತ್ತೇವೆ. ಕೌಂಟಿಯ ಶುಲ್ಕ, ಐದು ಡಾಲರ್. ಮೊತ್ತ ಸಣ್ಣದಾದರೂ ಗೊಣಗಾಟ ಸಣ್ಣದಲ್ಲ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ, ಯುಗಾದಿ ಊಟದ ಸಾಲಿನಲ್ಲಿ ಈ ಮಾತು ಮತ್ತೆ ಮತ್ತೆ ನನ್ನ ಕಿವಿಗೆ ಬಿದ್ದಿದೆ. ಪೆಟ್ರೋಲ್ ಹಾಕಿಸುವಾಗ ತೆರಿಗೆ ಕಟ್ಟುತ್ತೇವೆ, ಟರ್ನ್‌ಪೈಕ್ ಹತ್ತಿದರೆ ಟೋಲ್ ಕಟ್ಟುತ್ತೇವೆ, ಇದ್ಯಾವುದು ಹೊಸ ವಸೂಲಿ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡಲು, ಜೊತೆಗೆ ನಿಮ್ಮಿಂದ ಒಂದು ಕೆಲಸ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಈ ಶುಲ್ಕ ಹುಟ್ಟಿದ ಬಗೆ. 2013ರ ನವೆಂಬರಿನಲ್ಲಿ ಆಗಿನ ಗವರ್ನರ್ ಟಾಮ್ ಕಾರ್ಬೆಟ್ ಸಹಿ ಹಾಕಿದ ಸಾರಿಗೆ ಕಾಯ್ದೆಯನ್ನು ಇಲ್ಲಿ ಎಲ್ಲರೂ ‘ಆಕ್ಟ್ 89’ ಎಂದೇ ಕರೆಯುತ್ತಾರೆ. ತನ್ನಲ್ಲಿ ನೋಂದಣಿಯಾದ ಪ್ರತಿ ವಾಹನದ ಮೇಲೆ ವರ್ಷಕ್ಕೆ ಐದು ಡಾಲರ್ ಹಾಕುವ ಅಧಿಕಾರವನ್ನು ಪೆನ್ಸಿಲ್ವೇನಿಯಾದ ಕೌಂಟಿಗಳಿಗೆ ಕೊಟ್ಟಿದ್ದು ಆ ಕಾಯ್ದೆ. ಹಾಕಲೇಬೇಕೆಂಬ ಕಡ್ಡಾಯವಿಲ್ಲ; ಬೇಕೋ ಬೇಡವೋ ಎಂಬುದನ್ನು ಆಯಾ ಕೌಂಟಿಯೇ ತೀರ್ಮಾನಿಸಬೇಕು. ಹಣ ಕಟ್ಟಿಸಿಕೊಳ್ಳುವುದು ರಾಜ್ಯದ ಸಾರಿಗೆ ಇಲಾಖೆ ಪೆನ್‌ಡಾಟ್. ಅದು ಬೇರೆ ನಿಧಿಯಲ್ಲಿಟ್ಟು ಕೌಂಟಿಗೆ ಮರಳಿಸುತ್ತದೆ. ರಸ್ತೆ, ಸೇತುವೆ, ಸಾರಿಗೆ ಬಿಟ್ಟು ಬೇರೆಯದಕ್ಕೆ ಅದನ್ನು ಬಳಸುವಂತಿಲ್ಲ. ಫಿಲಡೆಲ್ಫಿಯಾ, ಬ್ಲೇರ್, ಕಂಬರ್ಲ್ಯಾಂಡ್, ನಾರ್ಥಾಂಪ್ಟನ್ ಹಾಗೂ ನಮ್ಮ ಆಲೆಗೇನಿ ಸೇರಿ ಹಲವು ಕೌಂಟಿಗಳು ಈ ದಾರಿ ಹಿಡಿದವು. ಶುಲ್ಕ ಹಾಕಿದ ಕೌಂಟಿಗಳಿಗೆ ದುರ್ಬಲ ಸೇತುವೆಗಳ ಕೆಲಸಕ್ಕೆಂದು 20 ಲಕ್ಷ ಡಾಲರಿನವರೆಗೆ ಸರಿಜೋಡಿ ಹಣ ಕೊಡುವ ಯೋಜನೆಯನ್ನೂ ರಾಜ್ಯ ತಂದಿತು.

ಕಾನೂನಿನ ಮಾತು ಇಷ್ಟು ಸಾಕು. ಈಗ ಸೇತುವೆಯ ವಿಷಯಕ್ಕೆ ಬರೋಣ.

2022ರ ಜನವರಿ 28, ಶುಕ್ರವಾರ. ಹಿಮ ಬಿದ್ದ ಬೆಳಗು, ಇನ್ನೂ ಕತ್ತಲೆ. 6:40ರ ಸುಮಾರಿಗೆ ಫೋರ್ಬ್ಸ್ ಅವೆನ್ಯೂ ಮೇಲಿನ ಫರ್ನ್ ಹಾಲೋ ಸೇತುವೆ ಫ್ರಿಕ್ ಪಾರ್ಕಿನ ಕಣಿವೆಗೆ ಕುಸಿದುಬಿತ್ತು. ಅದರ ಉದ್ದ 447 ಅಡಿ, ಎತ್ತರ ಹೆಚ್ಚುಕಡಿಮೆ ನೂರು ಅಡಿ. ಎರಡು ಭಾಗ ಜೋಡಿಸಿದ ಉದ್ದದ ಬಸ್ಸೊಂದು ಆಗ ಅದರ ಮೇಲಿತ್ತು, ಕೆಲವು ಕಾರುಗಳೂ ಇದ್ದವು. ಅನಿಲದ ಕೊಳವೆ ಒಡೆದು ಕಣಿವೆಯೆಲ್ಲ ಗ್ಯಾಸಿನ ವಾಸನೆ. ಹಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಮೂಲಸೌಕರ್ಯದ ಬಗ್ಗೆ ಭಾಷಣ ಮಾಡಲು ಅಧ್ಯಕ್ಷ ಜೋ ಬೈಡನ್ ಅದೇ ದಿನ ಪಿಟ್ಸ್‌ಬರ್ಗಿಗೆ ಬರುವವರಿದ್ದರು. ಬಂದರು, ಕುಸಿದ ಸೇತುವೆಯ ಅಂಚಿನಲ್ಲಿ ನಿಂತು ನೋಡಿದರು.

ಕೆಳಗೆ ಬಿದ್ದ ಬಸ್ಸು 61ಬಿ. ಈ ಸಂಖ್ಯೆಯನ್ನು ನಿಮಗೆ ನೆನಪಿಸಬೇಕಾಗಿಲ್ಲ. ಕಾರ್ನೆಗಿ ಮೆಲನ್‌ಗೋ ಪಿಟ್ ವಿಶ್ವವಿದ್ಯಾಲಯಕ್ಕೋ ಓದಲು ಬಂದು ಸ್ಕ್ವಿರಲ್ ಹಿಲ್‌ನಲ್ಲಿ ಬಾಡಿಗೆ ಕೋಣೆ ಹಿಡಿದ ನಮ್ಮ ಹುಡುಗ ಹುಡುಗಿಯರು ಮೊದಲು ಬಾಯಿಪಾಠ ಮಾಡುವುದೇ 61ರ ಬಸ್ಸುಗಳನ್ನು. ನಿಮ್ಮಲ್ಲಿ ಎಷ್ಟೋ ಮಂದಿ ಅದೇ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿದವರು. ಕಾರು ಕೊಂಡ ಮೇಲೆ ಬಸ್ಸನ್ನು ಮರೆತಿರಬಹುದು. ಸೇತುವೆ ಮಾತ್ರ ಬಸ್ಸಿಗೂ ಕಾರಿಗೂ ಒಂದೇ.

ಅದು ಬಿದ್ದದ್ದೇಕೆ? ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎರಡು ವರ್ಷ ತನಿಖೆ ನಡೆಸಿ 2024ರ ಫೆಬ್ರವರಿಯಲ್ಲಿ ತೀರ್ಮಾನ ಹೇಳಿತು. ಭೂಕಂಪವಾಗಲೀ ಪ್ರವಾಹವಾಗಲೀ ಅದಕ್ಕೆ ಕಾರಣವಲ್ಲ. ಸೇತುವೆಯ ಮೇಲಿನ ನೀರು ಇಳಿದುಹೋಗಬೇಕಾದ ಕಿಂಡಿಗಳು ಕಟ್ಟಿಕೊಂಡಿದ್ದವು. ಚಳಿಗಾಲದಲ್ಲಿ ಹಿಮ ಕರಗಿಸಲು ಎರಚುವ ಉಪ್ಪು ಬೆರೆತ ನೀರು ಹರಿಯಬಾರದ ಕಡೆ ಹರಿದು, ಸೇತುವೆಯನ್ನು ಹೊತ್ತ ಕಾಲುಗಳ ಬುಡದಲ್ಲಿ ನಿಂತಿತು. ಎಲೆ, ಮಣ್ಣು, ಕಸ ಅಲ್ಲಿ ಸೇರಿ ಒದ್ದೆಯನ್ನು ಹಿಡಿದಿಟ್ಟವು. ಆ ಸೇತುವೆಯ ಉಕ್ಕು ಬಣ್ಣ ಬಳಿಯದ ‘ವೆದರಿಂಗ್ ಸ್ಟೀಲ್’. ಅಂಥ ಉಕ್ಕು ನೆನೆದು ಒಣಗಿ, ನೆನೆದು ಒಣಗಿ ಮೇಲೆ ಗಟ್ಟಿಯಾದ ತೆಳು ಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಒಣಗಲು ಬಿಡದಿದ್ದರೆ ಆ ಪದರ ಕಟ್ಟುವುದೇ ಇಲ್ಲ, ತುಕ್ಕು ತಿನ್ನುತ್ತಲೇ ಹೋಗುತ್ತದೆ. ಕೊನೆಗೆ ನೈಋತ್ಯ ಮೂಲೆಯ ಕಾಲಿನಲ್ಲಿ ಅಡ್ಡಕ್ಕೆ ಬಿಗಿದಿದ್ದ ಒಂದು ಉಕ್ಕಿನ ಪಟ್ಟಿ ಸೋತಿತು. ಅದರ ಹಿಂದೆಯೇ ಇಡೀ ಸೇತುವೆ ಹೋಯಿತು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸುವುದು ಮುಂದಿನ ಸಂಗತಿ. ಇದು ಯಾರಿಗೂ ಗೊತ್ತಿಲ್ಲದೆ ನಡೆದದ್ದಲ್ಲ. ತಪಾಸಣೆ ಕಾಲಕಾಲಕ್ಕೆ ನಡೆದಿತ್ತು. 2011ರಿಂದಲೂ ಸೇತುವೆಯ ಸ್ಥಿತಿ ‘ಕಳಪೆ’ ಎಂದು ದಾಖಲಾಗಿತ್ತು. ಕಿಂಡಿ ಬಿಡಿಸಿ, ಕಾಲಿನ ಬುಡದ ಕಸ ತೆಗೆಯಿರಿ, ತುಕ್ಕು ಹಿಡಿದ ಭಾಗ ಸರಿಪಡಿಸಿ ಎಂದು ಇನ್ಸ್‌ಪೆಕ್ಟರುಗಳು ವರ್ಷಗಟ್ಟಲೆ ಮತ್ತೆ ಮತ್ತೆ ಬರೆದರು. 2018ರಲ್ಲಿ ಊರಿನ ನಿವಾಸಿಯೊಬ್ಬರು ಸೇತುವೆಯಡಿ ತುಕ್ಕು ತಿಂದು ತುಂಡಾದ ತೊಲೆಯ ಫೋಟೋ ತೆಗೆದು ನಗರದ ದೂರು ವಿಭಾಗಕ್ಕೆ ಟ್ವೀಟ್ ಮಾಡಿದರು. 26 ಟನ್ ಮೀರಿದ ವಾಹನ ಬರಬಾರದೆಂಬ ಫಲಕವೂ ಅಲ್ಲಿತ್ತು. ಆ ಲೆಕ್ಕವೇ ತಪ್ಪಾಗಿತ್ತು. ಮೇಲೆ ಹಾಸಿದ್ದ ಡಾಂಬರಿನ ದಪ್ಪವನ್ನು ನಿಜಕ್ಕಿಂತ ಕಡಿಮೆ ಹಿಡಿದಿದ್ದರು. ಲೆಕ್ಕ ಸರಿಯಿದ್ದಿದ್ದರೆ ಸೇತುವೆಯನ್ನು ಎಂದೋ ಮುಚ್ಚಬೇಕಿತ್ತು ಎಂದು ತನಿಖೆ ಹೇಳಿತು. ಸೇತುವೆಯ ಒಡೆತನ ಪಿಟ್ಸ್‌ಬರ್ಗ್ ನಗರದ್ದು. ವರದಿಗಳು ಹೇಳಿದ ದುರಸ್ತಿಯನ್ನು ನಗರ ಮತ್ತೆ ಮತ್ತೆ ಕೈಬಿಟ್ಟಿದ್ದೇ ಕುಸಿತಕ್ಕೆ ಕಾರಣ ಎಂಬುದು ಮಂಡಳಿಯ ತೀರ್ಪು.

ನಮ್ಮ ಮಲೆನಾಡಿನಲ್ಲಿ ಮುಂಗಾರಿಗೆ ಮುಂಚೆ ಹಂಚು ಕೈಯಾಡಿಸುತ್ತಾರಲ್ಲ, ಅಷ್ಟೇ ಅಗ್ಗದ, ಅಷ್ಟೇ ಸಾಧಾರಣವಾದ ಕೆಲಸ ಅಲ್ಲಿ ಬೇಕಿದ್ದದ್ದು. ಒಂದು ಏಣಿ, ಒಂದು ಸಲಿಕೆ, ನೀರಿನ ಪೈಪು, ನಾಲ್ಕು ಕೂಲಿ. ಅದಾಗಲಿಲ್ಲ. ಕುಸಿದ ಮೇಲೆ ಫೆಡರಲ್ ಸರ್ಕಾರದ ಹಣ ಹರಿದುಬಂತು, ಒಂದೇ ವರ್ಷದೊಳಗೆ, 2022ರ ಡಿಸೆಂಬರಿನಲ್ಲಿ, ಹೊಸ ಸೇತುವೆಯ ಮೇಲೆ ವಾಹನ ಓಡಿತು. ಖರ್ಚು 2 ಕೋಟಿ 53 ಲಕ್ಷ ಡಾಲರ್.

ಆ ಮೊತ್ತವನ್ನು ಐದರಿಂದ ಭಾಗಿಸಿ ನೋಡಿ. ಐವತ್ತು ಲಕ್ಷಕ್ಕೂ ಹೆಚ್ಚು ವಾಹನಗಳ ಒಂದು ವರ್ಷದ ಶುಲ್ಕ ಬೇಕು, ಅಂಥ ಒಂದೇ ಒಂದು ಸೇತುವೆಗೆ. ಲಕ್ಷ ವಾಹನಕ್ಕೆ ವರ್ಷಕ್ಕೆ ಸಿಗುವುದು ಐದು ಲಕ್ಷ ಡಾಲರ್. ಆದ್ದರಿಂದ ಐದು ಡಾಲರಿನಿಂದ ಹೊಸ ಸೇತುವೆ ಕಟ್ಟುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಅದೇ ಐದು ಲಕ್ಷ ಡಾಲರಿನಲ್ಲಿ ಎಷ್ಟು ಸೇತುವೆಗಳ ಕಿಂಡಿ ಬಿಡಿಸಬಹುದು, ಚಳಿಗಾಲ ಮುಗಿದ ಮೇಲೆ ಎಷ್ಟು ತೊಲೆಗಳ ಉಪ್ಪು ತೊಳೆಯಬಹುದು, ಎಷ್ಟು ಸಂದುಗಳ ರಬ್ಬರು ಬದಲಾಯಿಸಬಹುದು ಎಂದು ಯೋಚಿಸಿ. ಈ ಶುಲ್ಕಕ್ಕೆ ತಕ್ಕ ಕೆಲಸ ಅದೇ. ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದೂ ಅದೊಂದನ್ನೇ: ಈ ಐದು ಡಾಲರನ್ನು ಗೊಣಗದೆ ಕೊಡೋಣ, ಆದರೆ ಅದು ಕಟ್ಟುವುದಕ್ಕೆ ಹೋಗದೆ ಕಾಪಾಡುವುದಕ್ಕೇ ಹೋಗಬೇಕೆಂದು ಪಟ್ಟು ಹಿಡಿಯೋಣ.

ಹೊಸ ಸೇತುವೆಗೆ ಹಣ ತರುವವರು ಬೇಕಾದಷ್ಟು ಜನ. ರಿಬ್ಬನ್ ಇದೆ, ಕತ್ತರಿ ಇದೆ, ಫೋಟೋ ಇದೆ. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಸೇತುವೆಗಳಿಗೆಂದೇ 2,750 ಕೋಟಿ ಡಾಲರ್ ಎತ್ತಿಟ್ಟರು. ಅದು ಒಳ್ಳೆಯದೇ ಆಯಿತು. ಆದರೆ ಎಲೆ ಗುಡಿಸುವ ಕೆಲಸಕ್ಕೆ ವಾಷಿಂಗ್ಟನ್ನಿನಿಂದ ಯಾರೂ ಬರುವುದಿಲ್ಲ. ಅದು ಊರಿನವರೇ ಊರಿನ ದುಡ್ಡಿನಲ್ಲಿ ಮಾಡಿಸಿಕೊಳ್ಳಬೇಕಾದ ಕೆಲಸ. ಊರಿನ ವಾಹನಗಳ ಮೇಲೆ ಊರಿನದೇ ಶುಲ್ಕ ಎಂಬ ಕಲ್ಪನೆ ನನಗೆ ಸರಿಯೆನ್ನಿಸುವುದು ಇದಕ್ಕೇ.

ನಿಮ್ಮ ತಕರಾರುಗಳನ್ನು ನಾನು ತಳ್ಳಿಹಾಕುತ್ತಿಲ್ಲ. ಅವುಗಳಲ್ಲಿ ಒಂದಂತೂ ನೂರಕ್ಕೆ ನೂರು ನಿಜ. ರಸ್ತೆಗೆಂದು ಕಟ್ಟಿದ ಹಣ ರಸ್ತೆಗೆ ಹೋಗುವುದಿಲ್ಲ ಎಂದು ದೂರುತ್ತೀರಿ. ಈ ರಾಜ್ಯದ ಪೆಟ್ರೋಲ್ ತೆರಿಗೆ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಹಾಗಿದ್ದೂ 2019ರಲ್ಲಿ ಆಗಿನ ಆಡಿಟರ್ ಜನರಲ್ ಯುಜೀನ್ ಡಿಪಾಸ್ಕ್ವಾಲೆ ಲೆಕ್ಕ ತೆಗೆದಾಗ, ರಸ್ತೆ ಸೇತುವೆಗಳಿಗೆ ಸಲ್ಲಬೇಕಾದ ನಿಧಿಯಿಂದ ಕೆಲವೇ ವರ್ಷಗಳಲ್ಲಿ 425 ಕೋಟಿ ಡಾಲರ್ ರಾಜ್ಯ ಪೊಲೀಸ್ ಇಲಾಖೆಗೆ ಹೋಗಿರುವುದು ಕಂಡಿತು. ಪೊಲೀಸರು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಸೇತುವೆಯ ಹೆಸರಿನಲ್ಲಿ ಪಡೆದದ್ದನ್ನು ಬೇರೆಡೆಗೆ ತಿರುಗಿಸಿದ್ದು ತಪ್ಪು, ನಂಬಿ ಕೊಟ್ಟವರಿಗೆ ಮಾಡಿದ ಅನ್ಯಾಯ. ಈ ದೊಡ್ಡ ನಿಧಿಗೆ ಹೋಲಿಸಿದರೆ ಐದು ಡಾಲರಿನ ನಿಧಿ ಚಿಕ್ಕದು, ಬೇರೆಯೇ ಇಟ್ಟದ್ದು, ಕೌಂಟಿಯ ಕೈಯಲ್ಲೇ ಇರುವಂಥದ್ದು. ಕಣ್ಣಿಟ್ಟು ಕಾಯುವುದು ಸುಲಭ.

ಎಲ್ಲರಿಗೂ ಒಂದೇ ದರ ಎಂಬುದು ಇನ್ನೊಂದು ದೂರು. ಇದನ್ನೂ ಒಪ್ಪುತ್ತೇನೆ. ಹತ್ತು ವರ್ಷ ಹಳೆಯ ಪುಟ್ಟ ಹೋಂಡಾ ಇಟ್ಟುಕೊಂಡ ವಿದ್ಯಾರ್ಥಿಗೂ ಮೂರು ಟನ್ ತೂಗುವ ಎಸ್‌ಯುವಿ ಓಡಿಸುವವರಿಗೂ ಅದೇ ಐದು ಡಾಲರ್. ಅಮೆರಿಕದಲ್ಲೇ, ಇಲಿನಾಯ್‌ನ ಒಟ್ಟಾವಾ ಬಳಿ, 1950ರ ದಶಕದ ಕೊನೆಯಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆ ತೋರಿಸಿಕೊಟ್ಟ ಸಂಗತಿ ಇಂಜಿನಿಯರುಗಳಿಗೆಲ್ಲ ಗೊತ್ತು: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಹೆಚ್ಚುಕಡಿಮೆ ಹದಿನಾರು ಪಟ್ಟಾಗುತ್ತದೆ. ಭಾರಕ್ಕೆ ತಕ್ಕ ಶುಲ್ಕವೇ ನ್ಯಾಯ. ಕಾಯ್ದೆ ತಿದ್ದಬೇಕು, ತಿದ್ದಿಸೋಣ. ತಿದ್ದುವವರೆಗೆ ಕಿಂಡಿಯಲ್ಲಿ ಎಲೆ ತುಂಬುವುದು ಮಾತ್ರ ನಿಲ್ಲುವುದಿಲ್ಲ.

ಪೆಟ್ರೋಲ್ ತೆರಿಗೆಯೇ ಸಾಕಲ್ಲವೇ ಎಂಬ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ಫೆಡರಲ್ ತೆರಿಗೆ ಗ್ಯಾಲನ್ನಿಗೆ 18.4 ಸೆಂಟು, 1993ರಿಂದ ಒಂದು ಸೆಂಟೂ ಏರಿಲ್ಲ. ಸಿಮೆಂಟು, ಉಕ್ಕು, ಕೂಲಿ ಮೂರರ ಬೆಲೆಯೂ ಏರಿದೆ. ನಿಮ್ಮಲ್ಲಿ ಎಷ್ಟೋ ಮಂದಿಯ ಮನೆ ಮುಂದೆ ಈಗ ನಿಂತಿರುವುದು ಬ್ಯಾಟರಿ ಕಾರು, ಅದಕ್ಕೆ ಪೆಟ್ರೋಲೇ ಬೇಡ.

ಇನ್ನೂ ಒಂದು ಮಾತಿದೆ. ಫರ್ನ್ ಹಾಲೋ ನಗರದ ಸೇತುವೆ, ಶುಲ್ಕ ಕೌಂಟಿಯದು. ಹಾಗಾದರೆ ನಮ್ಮ ಐದು ಡಾಲರಿಗೂ ಆ ಸೇತುವೆಗೂ ಏನು ಸಂಬಂಧ ಎಂದು ಕೇಳಬಹುದು. ಕೌಂಟಿ ತನ್ನ ಪಾಲಿನಿಂದ ಊರು, ಪಟ್ಟಣಗಳಿಗೂ ಹಂಚಬಹುದೆಂದು ಕಾನೂನೇ ಹೇಳುತ್ತದೆ. ಹಂಚಬೇಕು. ರಾಷ್ಟ್ರೀಯ ಪಟ್ಟಿಯಲ್ಲಿ ಲೆಕ್ಕಕ್ಕೆ ಸಿಗುವುದು 20 ಅಡಿಗಿಂತ ಉದ್ದದ ಸೇತುವೆಗಳು ಮಾತ್ರ. ಅದಕ್ಕಿಂತ ಚಿಕ್ಕವು, ತೊರೆ ದಾಟಿಸುವ ಹಳ್ಳಿದಾರಿಯ ಸಂಕಗಳು, ಆ ಲೆಕ್ಕದಲ್ಲೇ ಇಲ್ಲ. ಶಾಲೆಯ ಹಳದಿ ಬಸ್ಸುಗಳು ಓಡುವುದು ಅವುಗಳ ಮೇಲೂ ತಾನೇ?

ತಪಾಸಣೆಯ ನಿಯಮ ಹುಟ್ಟಿದ್ದೂ ಒಂದು ದುರಂತದಿಂದಲೇ. ನಮ್ಮ ಊರಿನ ನಡುವೆ ಆಲೆಗೇನಿ, ಮನಾಂಗಹೀಲಾ ನದಿಗಳು ಕೂಡಿ ಒಹಾಯೋ ಆಗಿ ಹರಿಯುತ್ತವೆ. ಅದೇ ಒಹಾಯೋ ಕೆಳಗೆ ವೆಸ್ಟ್ ವರ್ಜೀನಿಯಾದ ಪಾಯಿಂಟ್ ಪ್ಲೆಸೆಂಟ್ ತಲುಪುವಲ್ಲಿ ಸಿಲ್ವರ್ ಬ್ರಿಜ್ ಇತ್ತು. 1967ರ ಡಿಸೆಂಬರ್ 15ರ ಸಂಜೆ, ಕ್ರಿಸ್‌ಮಸ್ ವಹಿವಾಟಿನ ದಟ್ಟಣೆಯಲ್ಲಿ ಅದು ನೀರಿಗೆ ಬಿತ್ತು. ಸತ್ತವರು 46 ಮಂದಿ. ಒಂದೇ ಒಂದು ಉಕ್ಕಿನ ಕೊಂಡಿಯಲ್ಲಿ ಕಣ್ಣಿಗೆ ಕಾಣದ ಬಿರುಕು. ಆಮೇಲೆ ದೇಶದ ಸೇತುವೆಗಳನ್ನೆಲ್ಲ ನಿಯಮಿತವಾಗಿ ಪರೀಕ್ಷಿಸಬೇಕೆಂಬ ಕಾನೂನು ಬಂತು. 2007ರ ಆಗಸ್ಟ್ 1ರಂದು ಮಿನ್ನಿಯಾಪೊಲಿಸ್‌ನಲ್ಲಿ ಹೆದ್ದಾರಿ ಸೇತುವೆ ಮಿಸಿಸಿಪ್ಪಿಗೆ ಬಿದ್ದು 13 ಜನ ಸತ್ತ ಮೇಲೆ ಮಿನ್ನೆಸೋಟ ತನ್ನ ಪೆಟ್ರೋಲ್ ತೆರಿಗೆ ಏರಿಸಿತು, ಗವರ್ನರರ ವೀಟೋವನ್ನೂ ಮೀರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಪದ್ಧತಿಯಿಂದ ನನಗೆ ಸಾಕಾಗಿದೆ. ಹೆಣ ಬೀಳುವ ಮುಂಚೆ ಐದು ಡಾಲರ್ ಕೊಡಲು ನಮಗೇಕೆ ಮನಸ್ಸಾಗುವುದಿಲ್ಲ?

ಕರ್ನಾಟಕದಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೂ ಈ ಮಾತು ಹೊರತಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನಾಲ್ಕು ದಶಕ ಗೋವೆಯ ದಾರಿಯ ವಾಹನಗಳನ್ನು ಹೊತ್ತ ಸೇತುವೆ. ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಕತ್ತಲಲ್ಲೇ ಬದುಕಿಸಿ ತಂದರು. ಅದಕ್ಕೂ ಮುಂಚೆ, 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ನದಲ್ಲಿ ಫಲ್ಗುಣಿಯ ಸೇತುವೆ ಮುರಿದಿತ್ತು. 2022ರ ಮಳೆಗಾಲದಲ್ಲಿ ಬೈಂದೂರಿನ ಕಡೆ ಶಾಲೆಯಿಂದ ಮನೆಗೆ ಹೊರಟ ಎರಡನೇ ತರಗತಿಯ ಮಗುವೊಂದು ಕಾಲುಸಂಕದಿಂದ ಜಾರಿ ಹೊಳೆಯ ಪಾಲಾಯಿತು.

ಕರ್ನಾಟಕದಲ್ಲಿ ವಾಹನ ಕೊಳ್ಳುವವರು ಕಟ್ಟುವ ತೆರಿಗೆ ಕಡಿಮೆಯೇನಲ್ಲ. ಕಾರಿನ ಬೆಲೆ ನೋಡಿಕೊಂಡು ಶೇ 13ರಿಂದ 18ರವರೆಗೆ ಜೀವಿತಾವಧಿ ತೆರಿಗೆ, ಆ ತೆರಿಗೆಯ ಮೇಲೆ ಶೇ 11 ಸೆಸ್. ಇದೆಲ್ಲ ಬೆಂಗಳೂರಿನ ಬೊಕ್ಕಸಕ್ಕೆ ಹೋಗುತ್ತದೆ. ಹೊನ್ನಾವರದಲ್ಲಿ ಕಾರು ಕೊಂಡವರು ನಮ್ಮ ಕಾರಿನ ಇಷ್ಟು ರೂಪಾಯಿ ನಮ್ಮೂರ ಸಂಕಕ್ಕೆ ಹೋಯಿತು ಎಂದು ಬೆರಳಿಟ್ಟು ತೋರಿಸುವ ಹಾಗಿಲ್ಲ. ಆದರೆ ಒಂದು ಉದ್ದೇಶಕ್ಕೆಂದೇ ಶುಲ್ಕ ಕಟ್ಟಿಸಿಕೊಳ್ಳುವುದು ಅಲ್ಲಿ ಹೊಸದಲ್ಲ. ಚಾಲಕರು ಮತ್ತು ಸಾರಿಗೆ ಕಾರ್ಮಿಕರ ಕ್ಷೇಮಕ್ಕಾಗಿ ಹೊಸ ದ್ವಿಚಕ್ರ ವಾಹನಕ್ಕೆ 500, ಕಾರಿಗೆ 1,000 ರೂಪಾಯಿ ಸೆಸ್ ಹಾಕುವ ತಿದ್ದುಪಡಿಗೆ ವಿಧಾನಮಂಡಲವೇ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ಮಿಕರಿಗೆ ಸಲ್ಲಬೇಕಾದದ್ದು ಸಲ್ಲಲಿ. ಅದೇ ರೀತಿ ಜಿಲ್ಲೆಯಲ್ಲಿ ನೋಂದಣಿಯಾದ ವಾಹನದ ತೆರಿಗೆಯಲ್ಲಿ ಒಂದು ಪಾಲು ಆ ಜಿಲ್ಲೆಯ ಸೇತುವೆ, ಸಂಕಗಳ ನಿರ್ವಹಣೆಗೆಂದೇ ಬೇರೆಯಾಗಿ ಉಳಿಯಲಿ. ಹೊಸ ಹೊರೆ ಬೇಕಾಗಿಲ್ಲ. ಈಗ ಕಟ್ಟುತ್ತಿರುವುದರಲ್ಲೇ ಒಂದು ಪಾಲನ್ನು ಎತ್ತಿಟ್ಟು ಲೆಕ್ಕ ತೋರಿಸಿದರೆ ಸಾಕು.

ಮತ್ತೆ ನಮ್ಮ ಆಲೆಗೇನಿಗೆ ಬರುತ್ತೇನೆ. ಕುಸಿತದ ನಂತರ ನಗರ ಎಚ್ಚರಗೊಂಡಿದೆ ಎನ್ನಬೇಕು. 2023ರ ಫೆಬ್ರವರಿಯಲ್ಲಿ ಚಾರ್ಲ್ಸ್ ಆಂಡರ್ಸನ್ ಸೇತುವೆಯನ್ನು ಒಮ್ಮೆಲೇ ಮುಚ್ಚಿದರು, 2024ರ ಅಕ್ಟೋಬರಿನಲ್ಲಿ ಪ್ಯಾಂಥರ್ ಹಾಲೋ ಸೇತುವೆಯನ್ನು. ಓಕ್‌ಲ್ಯಾಂಡಿಗೆ ಹೋಗುವವರೆಲ್ಲ ಸುತ್ತು ಹಾಕಿದರು, ಬೈದರು. ಮುಚ್ಚಿದ್ದು ಸರಿಯಾದ ಕ್ರಮವೇ. ಆದರೆ ಮುಚ್ಚುವ ಸ್ಥಿತಿ ತಲುಪಿದ್ದು ಅದೇ ಹಳೆಯ ಉದಾಸೀನದಿಂದ.

ನಮ್ಮಲ್ಲಿ ಬಹಳ ಮಂದಿಗೆ ಇಲ್ಲಿ ಮತವಿಲ್ಲ. ಎಚ್-1ಬಿ ವೀಸಾದಲ್ಲಿ, ಹಸಿರು ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತ ತೆರಿಗೆ ಮಾತ್ರ ತಪ್ಪದೆ ಕಟ್ಟುವವರು ನಾವು. ಅದಕ್ಕೇ ಊರಿನ ಆಡಳಿತ ನಮಗೆ ಸಂಬಂಧಿಸಿದ್ದಲ್ಲವೆಂದು ದೂರ ನಿಲ್ಲುತ್ತೇವೆ. ಆದರೆ ಪೆನ್ಸಿಲ್ವೇನಿಯಾದ ಸನ್‌ಶೈನ್ ಕಾಯ್ದೆ ಸಾರ್ವಜನಿಕ ಸಭೆಯಲ್ಲಿ ಮಾತನಾಡುವ ಹಕ್ಕು ಕೊಟ್ಟಿರುವುದು ಅಲ್ಲಿನ ನಿವಾಸಿಗಳಿಗೆ ಮತ್ತು ತೆರಿಗೆದಾರರಿಗೆ. ಪಾಸ್‌ಪೋರ್ಟಿನ ಬಣ್ಣ ಅದರಲ್ಲಿ ಬರುವುದಿಲ್ಲ. 2008ರ ಮಾಹಿತಿ ಹಕ್ಕು ಕಾಯ್ದೆ, ಭಾರತದ 2005ರ ಕಾಯ್ದೆಯ ಹಾಗೆಯೇ, ಕಚೇರಿಯ ದಾಖಲೆ ಕೇಳುವ ದಾರಿ ತೆರೆದಿದೆ. ಅಮೆರಿಕದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಯಾರು ಬೇಕಾದರೂ ಅರ್ಜಿ ಹಾಕಬಹುದು. ಐದು ಕೆಲಸದ ದಿನಗಳೊಳಗೆ ಕಚೇರಿ ಉತ್ತರಿಸಬೇಕು; ಕಾಲಾವಕಾಶ ಬೇಕಿದ್ದರೆ ಅದನ್ನೂ ಬರೆದು ತಿಳಿಸಬೇಕು.

ಅದಕ್ಕೇ ನಿಮ್ಮಲ್ಲಿ ನನ್ನ ಬೇಡಿಕೆ. ಮುಂದಿನ ಸಲ ಐದು ಡಾಲರ್ ಕಟ್ಟಿದ ದಿನವೇ ಗ್ರಾಂಟ್ ಸ್ಟ್ರೀಟಿನ ಕೋರ್ಟ್‌ಹೌಸಿನಲ್ಲಿ ನಡೆಯುವ ಕೌಂಟಿ ಕೌನ್ಸಿಲ್ ಸಭೆಯಲ್ಲಿ ಮಾತನಾಡಲು ಹೆಸರು ಬರೆಸಿ. ಹದಿನೈದು ಸದಸ್ಯರ ಮುಂದೆ ನಿಂತು ಕೇಳಿ: ಕಳೆದ ವರ್ಷ ಈ ಶುಲ್ಕದಿಂದ ಎಷ್ಟು ಬಂತು, ಯಾವ ಸೇತುವೆಗೆ ಹೋಯಿತು, ಅದರಲ್ಲಿ ನಿರ್ವಹಣೆಗೆ ಎಷ್ಟು, ತಪಾಸಣಾ ವರದಿಯಲ್ಲಿ ಬರೆದ ಯಾವ ಕೆಲಸ ಇನ್ನೂ ಬಾಕಿಯಿದೆ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಇಂಗ್ಲಿಷ್ ತಡವರಿಸೀತೆಂಬ ಅಳುಕಿದ್ದರೆ ಜೊತೆಗೆ ನಾನು ಬರುತ್ತೇನೆ.

ಇಂತಿ,
ನಿಮ್ಮಂತೆಯೇ ವರ್ಷಕ್ಕೆ ಐದು ಡಾಲರ್ ಕಟ್ಟುವ ನೆರೆಯವ